ವಾಸ್ತುಶಿಲ್ಪಿಯ ಪರೀಕ್ಷೆಯೂ ಮರುಪ್ರಯತ್ನದ ವಿವೇಕವೂ

(ಶ್ರೀಮಠದ ಮಹೋತ್ಸವದ ವಿದ್ಯಾರ್ಥಿಗೋಷ್ಠಿಯಲ್ಲಿ ಮಾಡಿದ ಭಾಷಣ)



ಇಂತಹ ಮಹೋತ್ಸವಗಳಲ್ಲಿ ವಿದ್ಯೆಯನ್ನು ಕುರಿತು ಮಾತನಾಡುವವರು ಗೆದ್ದವರ ಹೆಸರುಗಳನ್ನು ಎತ್ತಿ ಹೇಳುವುದು ರೂಢಿ. ಮೊದಲ ದರ್ಜೆಯಲ್ಲಿ ತೇರ್ಗಡೆಯಾದವರು, ಪದಕ ಪಡೆದವರು, ಪರದೇಶಕ್ಕೆ ಹೋಗಿ ಹೆಸರು ಗಳಿಸಿದವರು, ಇವರೆಲ್ಲರೂ ಸ್ಮರಣೆಗೆ ಯೋಗ್ಯರೇ ಸರಿ. ಆದರೆ ಒಮ್ಮೆ ಸೋತು, ಎರಡನೆಯ ಸಲವೂ ಸೋತು, ಮೂರನೆಯ ಸಲ ಪುಸ್ತಕವನ್ನು ತೆರೆದು ಕುಳಿತವನನ್ನು ಕುರಿತು ಯಾರೂ ಮಾತನಾಡುವುದಿಲ್ಲ. ಅವನು ಸಭೆಯ ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಿರುವನು. ಇಲ್ಲವೇ ಸಭೆಗೆ ಬಂದೇ ಇರುವುದಿಲ್ಲ. ನನ್ನ ಇಂದಿನ ಮಾತು ಅವನಿಗಾಗಿ. ಅವನ ತಂದೆತಾಯಿಗಳಿಗಾಗಿಯೂ ಹೌದು.

ಎಲ್ಲ ಪರೀಕ್ಷೆಗಳನ್ನೂ ಕುರಿತು ಒಟ್ಟಾಗಿ ಹೇಳಹೊರಟರೆ ಬರಿಯ ಉಪದೇಶವಾದೀತು. ಆದುದರಿಂದ ಒಂದೇ ಪರೀಕ್ಷೆಯನ್ನು ಆರಿಸಿಕೊಂಡಿರುವೆನು. ಅದು ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ವಾಸ್ತುಶಿಲ್ಪಿಗಳು ಪರವಾನಗಿಗಾಗಿ ಕೊಡಬೇಕಾದ ಪರೀಕ್ಷೆ. ನಮ್ಮ ನಾಡಿನಲ್ಲಿ ಐದು ವರ್ಷಗಳ ವಾಸ್ತುಶಿಲ್ಪ ವ್ಯಾಸಂಗವನ್ನು ಮುಗಿಸಿ ಆ ದೇಶಕ್ಕೆ ಹೋಗಿ ನೆಲೆಸಿದ ತರುಣ ತರುಣಿಯರು ಅನೇಕರಿರುವರು. ಕಾಲೇಜಿನಲ್ಲಿ ಎಂದೂ ಸೋಲನ್ನು ಕಾಣದವರು ಅಲ್ಲಿ ಮೊದಲ ಬಾರಿ ಸೋಲನ್ನು ಕಾಣುವುದು ಅಪರೂಪವಲ್ಲ. ಅದು ಏಕೆ ಹಾಗಾಗುವುದು, ಮತ್ತೆ ಗೆಲ್ಲುವವರು ಹೇಗೆ ಗೆಲ್ಲುವರು ಎಂಬುದನ್ನು ವಿಚಾರಿಸಿದರೆ ನಮಗೆಲ್ಲರಿಗೂ ಪ್ರಯೋಜನವುಂಟು.

ಮೊದಲು ಈ ಎರಡು ದೇಶಗಳ ಪದ್ಧತಿಯಲ್ಲಿರುವ ಭೇದವನ್ನು ತಿಳಿಯಬೇಕು. ಭಾರತದಲ್ಲಿ ೧೯೭೨ನೆಯ ಇಸವಿಯ ವಾಸ್ತುಶಿಲ್ಪಿಗಳ ಅಧಿನಿಯಮದ ಮೇರೆಗೆ ವಾಸ್ತುಶಿಲ್ಪ ಪರಿಷತ್ತು ಸ್ಥಾಪಿತವಾಗಿದೆ. ಮಾನ್ಯತೆ ಪಡೆದ ಪದವಿಯುಳ್ಳವರು ಅದರಲ್ಲಿ ತಮ್ಮ ಹೆಸರನ್ನು ನೋಂದಾಯಿಸಿಕೊಂಡು ವೃತ್ತಿಯನ್ನು ನಡೆಸಬಹುದು. ಅಂದರೆ ಇಲ್ಲಿ ಪದವಿಯೇ ವೃತ್ತಿಯ ಬಾಗಿಲು. ಅಮೆರಿಕೆಯಲ್ಲಿ ಪದವಿಯು ಬಾಗಿಲಿನ ತನಕ ಕೊಂಡೊಯ್ಯುವ ದಾರಿ ಮಾತ್ರ. ಅಲ್ಲಿ ವಿದ್ಯೆ, ಅನುಭವ, ಪರೀಕ್ಷೆ ಎಂಬ ಮೂರನ್ನೂ ಕೇಳುವರು. ಅನುಭವವೆಂದರೆ ೩,೭೪೦ ಗಂಟೆಗಳ ಕೆಲಸವನ್ನು ಆರು ವಿಭಾಗಗಳಲ್ಲಿ ಮಾಡಿ ಲೆಕ್ಕವೊಪ್ಪಿಸಬೇಕು. ಪರದೇಶದ ಪದವಿಯಾದರೆ ಅದು ಅಲ್ಲಿನ ಪದವಿಗೆ ಸಮವೇ ಎಂಬುದನ್ನೂ ತೂಗಿ ನೋಡುವರು. ಇಷ್ಟಾದರೂ ಪರೀಕ್ಷೆ ಮುಗಿಯದೆ ಒಬ್ಬನು ತನ್ನನ್ನು ವಾಸ್ತುಶಿಲ್ಪಿಯೆಂದು ಕರೆದುಕೊಳ್ಳಲು ಅಲ್ಲಿನ ಕಾನೂನು ಒಪ್ಪುವುದಿಲ್ಲ.

ಆ ದೇಶದಲ್ಲಿ ವಾಸ್ತುಶಿಲ್ಪಿಗಳಿಗೆ ಪರವಾನಗಿಯನ್ನು ಮೊದಲು ವಿಧಿಸಿದ ಸಂಸ್ಥಾನ ಇಲಿನಾಯ್, ಅದು ೧೮೯೭ರಲ್ಲಿ. ಇತರ ಸಂಸ್ಥಾನಗಳು ಒಂದೊಂದಾಗಿ ಅದನ್ನು ಅನುಸರಿಸಿದವು. ೧೯೧೯ರಲ್ಲಿ ಒಂದು ರಾಷ್ಟ್ರೀಯ ಪರಿಷತ್ತು ಏರ್ಪಟ್ಟಿತು. ಇಂದು ಎನ್‌ಕಾರ್ಬ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿರುವ ಆ ಪರಿಷತ್ತೇ ಪರೀಕ್ಷೆಯನ್ನು ರಚಿಸುವುದು. ಐವತ್ತು ಸಂಸ್ಥಾನಗಳೂ, ರಾಜಧಾನಿಯ ಪ್ರಾಂತವೂ, ನಾಲ್ಕು ದ್ವೀಪಪ್ರದೇಶಗಳೂ ಸೇರಿ ೫೫ ಮಂಡಳಿಗಳಿಗೆ ಅದು ಸಾಮಾನ್ಯವಾದ ಪರೀಕ್ಷೆ.

ಇಷ್ಟು ಬಿಗಿಯೇಕೆಂದು ಕೇಳುವಿರಿ. "ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬ ಗಾದೆ ನಮ್ಮಲ್ಲುಂಟು. ಕಟ್ಟುವವನ ಕಷ್ಟವನ್ನು ಆ ಗಾದೆ ಹೇಳುವುದು. ಕಟ್ಟಿದ ಮನೆಯೊಳಗೆ ನಂಬಿ ಮಲಗುವವನ ಕಷ್ಟ ಬೇರೆಯೇ ಇದೆ. ಇದಕ್ಕೆ ಒಂದು ಘೋರವಾದ ನಿದರ್ಶನವನ್ನು ಕೊಡುವೆನು. ಇಲಿನಾಯ್ ಸಂಸ್ಥಾನದ ಷಿಕಾಗೋ ನಗರದಲ್ಲಿ ೧೯೦೩ನೆಯ ಇಸವಿ ನವೆಂಬರಿನಲ್ಲಿ ಇರಾಕ್ವಾ ಎಂಬ ಹೊಸ ನಾಟಕಶಾಲೆ ತೆರೆಯಿತು. ಅದಕ್ಕೆ ಬೆಂಕಿಯ ಭಯವೇ ಇಲ್ಲವೆಂದು ಜಾಹೀರು ಮಾಡಿದ್ದರು. ಅದೇ ವರ್ಷ ಡಿಸೆಂಬರ್ ೩೦ರ ಮಧ್ಯಾಹ್ನದ ಆಟದಲ್ಲಿ ರಂಗಸ್ಥಳಕ್ಕೆ ಬೆಂಕಿ ತಗುಲಿತು. ನೋಡಬಂದವರಲ್ಲಿ ಹೆಂಗಸರೂ ಮಕ್ಕಳೂ ಹೆಚ್ಚಾಗಿದ್ದರು. ಹೊರಬಾಗಿಲುಗಳಲ್ಲಿ ಕೆಲವಕ್ಕೆ ಬೀಗ ಹಾಕಿತ್ತು. ಕೆಲವಕ್ಕೆ ಜನರಿಗೆ ಪರಿಚಯವಿಲ್ಲದ ಅಗುಳಿಗಳಿದ್ದವು. ಕೆಲವು ಒಳಮುಖವಾಗಿ ತೆರೆಯುತ್ತಿದ್ದವು. ಹಿಂದಿನಿಂದ ಜನರು ನೂಕಿದಷ್ಟೂ ಅಂತಹ ಬಾಗಿಲು ಇನ್ನೂ ಬಿಗಿಯಾಗಿ ಮುಚ್ಚುವುದು. ಸುಮಾರು ಆರು ನೂರು ಮಂದಿ ಪ್ರಾಣ ಬಿಟ್ಟರು. ಸತ್ತವರಲ್ಲಿ ಯಾರೊಬ್ಬರೂ ಆ ಕಟ್ಟಡದ ನಕ್ಷೆಯನ್ನು ನೋಡಿರಲಿಲ್ಲ. ನೋಡಬೇಕಾದ ಅಗತ್ಯವೂ ಅವರಿಗಿರಲಿಲ್ಲ. ಬಲ್ಲವನು ನೋಡಿರುವನೆಂಬ ನಂಬಿಕೆಯಿಂದ ಒಳಗೆ ಹೋಗಿ ಕುಳಿತಿದ್ದರು. ಆ ನಂಬಿಕೆಗೆ ಉತ್ತರ ಕೊಡಬೇಕಾದವನನ್ನು ಪರೀಕ್ಷಿಸದೆ ಬಿಡುವುದು ಹೇಗೆ?

ಆದುದರಿಂದ ಈ ಪರೀಕ್ಷೆಯು ಅಭ್ಯರ್ಥಿಯ ಗೌರವಕ್ಕಾಗಿ ಏರ್ಪಟ್ಟುದಲ್ಲ. ಅವನು ಎಂದೂ ಮುಖ ಕಾಣದ ಜನರ ಪರವಾಗಿ ಏರ್ಪಟ್ಟಿದೆ. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸೋಲಿನ ಅರ್ಥವೂ ಬದಲಾಗುವುದು. ಅದನ್ನು ಮುಂದೆ ವಿವರಿಸುವೆನು.

ಪರೀಕ್ಷೆಯ ಸ್ವರೂಪವನ್ನು ಸಂಕ್ಷೇಪವಾಗಿ ಹೇಳುವೆನು. ಹಿಂದಿನ ಕಾಲದಲ್ಲಿ ಅಭ್ಯರ್ಥಿಗಳು ನಕ್ಷೆಯ ಹಲಗೆಯನ್ನು ಹೊತ್ತುಕೊಂಡು ಹೋಗಿ, ಒಂದೇ ಕಟ್ಟಡದ ವಿನ್ಯಾಸವನ್ನು ಹನ್ನೆರಡು ಗಂಟೆಗಳ ಕಾಲ ಕುಳಿತು ಬರೆಯಬೇಕಾಗಿದ್ದಿತು. ೧೯೯೭ರಿಂದ ಅದು ಗಣಕಯಂತ್ರದ ಮೇಲೆ ನಡೆಯುತ್ತ ಬಂದಿದೆ. ೨೦೧೬ನೆಯ ಇಸವಿ ನವೆಂಬರಿನಲ್ಲಿ ಆರಂಭವಾದ ಐದನೆಯ ಆವೃತ್ತಿಯಲ್ಲಿ ಆರು ಭಾಗಗಳಿವೆ: ಕಾರ್ಯಾಲಯದ ನಿರ್ವಹಣೆ, ಒಂದೊಂದು ಕಾಮಗಾರಿಯ ನಿರ್ವಹಣೆ, ನಿವೇಶನವನ್ನೂ ಅಗತ್ಯಗಳನ್ನೂ ವಿಚಾರಿಸುವ ಭಾಗ, ಯೋಜನೆ ಮತ್ತು ವಿನ್ಯಾಸ, ವಿವರವಾದ ನಕ್ಷೆಗಳನ್ನೂ ದಸ್ತಾವೇಜುಗಳನ್ನೂ ಸಿದ್ಧಪಡಿಸುವ ಭಾಗ, ಕಟ್ಟುವ ಕಾಲದ ಪರಿಶೀಲನೆ. ಇವನ್ನು ಯಾವ ಕ್ರಮದಲ್ಲಿಯಾದರೂ ಬೇರೆ ಬೇರೆ ದಿನಗಳಲ್ಲಿ ಕೊಡಬಹುದು. ಆರೂ ಭಾಗಗಳ ಶುಲ್ಕ ಸೇರಿ ಸಾವಿರ ಡಾಲರುಗಳಿಗೂ ಮಿಗಿಲಾಗುವುದು. ಸೋತ ಭಾಗಕ್ಕೆ ಮತ್ತೆ ಹಣ ಕಟ್ಟಬೇಕು. ಹಗಲೆಲ್ಲ ಕಚೇರಿಯಲ್ಲಿ ದುಡಿದು ರಾತ್ರಿ ಓದುವವರೇ ಇದನ್ನು ಕೊಡುವವರು.

ಇನ್ನು ಸೋಲಿನ ಸಂಗತಿ. ಒಂದೊಂದು ಭಾಗಕ್ಕೆ ಕುಳಿತವರಲ್ಲಿ ಸ್ಥೂಲವಾಗಿ ಅರ್ಧದಷ್ಟು ಮಂದಿ ಮಾತ್ರ ಒಂದು ಸಲಕ್ಕೆ ತೇರ್ಗಡೆಯಾಗುವರು. ಕೆಲವು ಭಾಗಗಳಲ್ಲಿ ಇದು ಸ್ವಲ್ಪ ಹೆಚ್ಚು, ಕೆಲವದರಲ್ಲಿ ಸ್ವಲ್ಪ ಕಡಿಮೆ. ಇವರೆಲ್ಲರೂ ಪದವೀಧರರು, ಅನುಭವವುಳ್ಳವರು. ದಡ್ಡರಿಂದ ತುಂಬಿದ ಪರೀಕ್ಷಾಮಂದಿರವಲ್ಲ ಅದು. ಆರು ಭಾಗಗಳಲ್ಲಿ ಒಂದರಲ್ಲಿಯೂ ಸೋಲದೆ ದಡ ಮುಟ್ಟುವವರಿಗಿಂತ, ಎಲ್ಲಿಯಾದರೂ ಎಡವಿ ಎದ್ದು ಮುಟ್ಟುವವರೇ ಹೆಚ್ಚಾಗಿರುವುದು ಸಹಜ. ಹಾಗಾದರೆ ಬಲ್ಲವರು ಸೋಲುವುದೇಕೆ? ನನಗೆ ಮೂರು ಕಾರಣಗಳು ತೋರುತ್ತವೆ.

ಮೊದಲನೆಯದು, ನೆನಪನ್ನೇ ಜ್ಞಾನವೆಂದು ತಿಳಿಯುವುದು. ಒಂದು ಉದಾಹರಣೆಯನ್ನು ಕೇಳಿರಿ. ೧,೫೦೦ ಚದರಡಿಯ ಬಯಲುಳ್ಳ ಒಂದು ಸಭಾಮಂದಿರವಿದೆಯೆನ್ನಿ. ಅದರಲ್ಲಿ ಎಷ್ಟು ಮಂದಿ ಇರಬಹುದೆಂದು ಲೆಕ್ಕ ಹಾಕಿ ಬಾಗಿಲುಗಳನ್ನು ಗೊತ್ತುಮಾಡಬೇಕು. ಅಲ್ಲಿ ಬಳಕೆಯಲ್ಲಿರುವ ಕಟ್ಟಡ ಸಂಹಿತೆಯ ಪ್ರಕಾರ ಮೇಜು ಕುರ್ಚಿಗಳನ್ನು ಹಾಕಿ ಊಟಕ್ಕೆ ಕುಳ್ಳಿರಿಸಿದರೆ ತಲೆಗೆ ೧೫ ಚದರಡಿ. ಬರಿಯ ಕುರ್ಚಿಗಳನ್ನು ಹಾಕಿದರೆ ೭ ಚದರಡಿ. ನಿಂತ ಜನಸಂದಣಿಯಾದರೆ ೫ ಚದರಡಿ. ಅದೇ ಮಂದಿರದಲ್ಲಿ ಊಟಕ್ಕೆ ೧೦೦ ಮಂದಿ, ಉಪನ್ಯಾಸಕ್ಕೆ ೨೧೪ ಮಂದಿ, ನಿಂತು ನೋಡುವ ಉತ್ಸವಕ್ಕೆ ೩೦೦ ಮಂದಿ! ಈ ಮೂರು ಅಂಕಿಗಳನ್ನು ಬಾಯಿಪಾಠ ಮಾಡಿದವನು ಸೋಲಬಹುದು. ಏಕೆಂದರೆ ಪ್ರಶ್ನೆಯು ಅಂಕಿಯನ್ನು ಕೇಳುವುದಿಲ್ಲ. ಹಗಲು ಊಟದ ಮನೆಯಾಗಿ ರಾತ್ರಿ ಸಭೆಯ ಮನೆಯಾಗುವ ಕೋಣೆಯನ್ನು ಮುಂದಿಟ್ಟು, ಯಾವ ಲೆಕ್ಕವನ್ನು ಹಿಡಿಯುವೆ ಎಂದು ಕೇಳುವುದು. ಅತಿ ಹೆಚ್ಚು ಜನರು ಸೇರುವ ಹೊತ್ತನ್ನು ಹಿಡಿಯಬೇಕೆಂಬುದು ವಿವೇಕ. ಜನರು ಸೇರುವ ಇಂತಹ ಕೋಣೆಯಲ್ಲಿ ೪೯ ಮಂದಿಗೆ ಮಿಕ್ಕರೆ ಎರಡು ದಾರಿಗಳು ಬೇಕು; ೫೦ ಮಂದಿಗೆ ಮುಟ್ಟಿದರೆ ಬಾಗಿಲು ಹೊರಹೋಗುವ ದಿಕ್ಕಿಗೇ ತೆರೆಯಬೇಕು. ಷಿಕಾಗೋವಿನ ಆ ಮಧ್ಯಾಹ್ನವನ್ನು ಅರಿತವನಿಗೆ ಈ ನಿಯಮವನ್ನು ಉರುಹೊಡೆಯಬೇಕಾಗಿಲ್ಲ. ನಮ್ಮ ದಾಸೋಹ ಭವನದ ಬಾಗಿಲಿನಲ್ಲಿ ನಿಂತು ಒಮ್ಮೆ ಯೋಚಿಸಿದರೂ ಸಾಕು, ಅದು ಮನಸ್ಸಿಗೆ ಹತ್ತುವುದು.

ಎರಡನೆಯ ಕಾರಣ, ಒಂದು ನಾಡಿನ ರೂಢಿಯನ್ನು ಇನ್ನೊಂದು ನಾಡಿಗೆ ಹೊತ್ತುಕೊಂಡು ಹೋಗುವುದು. ನಮ್ಮಲ್ಲಿ ಗೋಡೆಯು ನಕ್ಷೆಗೆ ವಿರುದ್ಧವಾಗಿ ಏಳುತ್ತಿದ್ದರೆ, ಮನೆಯ ವಿನ್ಯಾಸ ಮಾಡಿದವನು ಮೇಸ್ತ್ರಿಯನ್ನು ಕರೆದು "ಇದನ್ನು ಕೆಡವಿ ಹೀಗೆ ಕಟ್ಟು" ಎಂದು ಅಲ್ಲಿಯೇ ಹೇಳಿಬಿಡುವನು. ಮನೆಯ ಯಜಮಾನನೂ ಅದನ್ನೇ ಬಯಸುವನು. ಅಮೆರಿಕೆಯಲ್ಲಿ ವಾಡಿಕೆಯಲ್ಲಿರುವ ಕರಾರುಪತ್ರಗಳ ಪ್ರಕಾರ ಹಾಗಲ್ಲ. ಕಟ್ಟುವ ವಿಧಾನವೂ, ಕೆಲಸಗಾರರ ಮೇಲಿನ ಹಿಡಿತವೂ, ಕೆಲಸದ ಸ್ಥಳದ ಸುರಕ್ಷತೆಯೂ ಗುತ್ತಿಗೆದಾರನ ಹೊಣೆ. ಕರಾರಿಗೆ ಒಪ್ಪದ ಕೆಲಸವನ್ನು ತಿರಸ್ಕರಿಸುವ ಅಧಿಕಾರ ವಾಸ್ತುಶಿಲ್ಪಿಗುಂಟು. ಲೋಪವನ್ನು ಯಜಮಾನನಿಗೆ ತಿಳಿಸುವ ಕರ್ತವ್ಯವೂ ಉಂಟು. ಆದರೆ ಗಾರೆಯವನ ಕೈ ಹಿಡಿದು ಕೆಲಸ ಮಾಡಿಸುವಂತಿಲ್ಲ. ಹೀಗಿರಲು ಹತ್ತು ವರ್ಷ ಇಲ್ಲಿ ಕಟ್ಟಿಸಿದ ಅನುಭವವುಳ್ಳವನು ಪ್ರಶ್ನೆಯನ್ನು ಓದಿ, ತನ್ನ ಮನಸ್ಸಿಗೆ ಧರ್ಮವೆಂದು ತೋರಿದ ಉತ್ತರವನ್ನೇ ಗುರುತುಮಾಡಿ ಅಂಕವನ್ನು ಕಳೆದುಕೊಳ್ಳುವನು. ಅವನಲ್ಲಿ ಅನುಭವದ ಕೊರತೆಯಿಲ್ಲ. ಆ ಅನುಭವವನ್ನು ಹೊಸ ನೆಲದಲ್ಲಿ ಮತ್ತೆ ಅಳೆದು ನೋಡಬೇಕಾಗಿದೆ.

ಮೂರನೆಯದು, ಕಾಲ ಮತ್ತು ಶರೀರ. ಈ ಪರೀಕ್ಷೆಯ ಭಾಗಗಳು ಸುಮಾರು ಎರಡೂಮುಕ್ಕಾಲು ಗಂಟೆಯಿಂದ ನಾಲ್ಕು ಗಂಟೆಯವರೆಗೆ ನಡೆಯುವುವು. ಒಂದು ಕಟ್ಟಡದ ಪೂರ್ಣವೃತ್ತಾಂತವನ್ನೂ ಹಲವು ದಸ್ತಾವೇಜುಗಳನ್ನೂ ಕೊಟ್ಟು ಅದರ ಮೇಲೆ ಕೇಳುವ ದೀರ್ಘವಾದ ಪ್ರಶ್ನೆಗಳು ಕೊನೆಯಲ್ಲಿರುವುವು. ಆರಂಭದ ಪ್ರಶ್ನೆಗಳ ಮೇಲೆ ಮೋಹಗೊಂಡು ಕಾಲವನ್ನು ಕಳೆದವನು, ತಿಳಿದ ವಿಷಯಕ್ಕೂ ಉತ್ತರ ಕೊಡಲಾರದೆ ಏಳಬೇಕಾಗುವುದು. ಇದು ಬುದ್ಧಿಯ ಕೊರತೆಯಲ್ಲ; ಅಭ್ಯಾಸದ ಕೊರತೆ.

ಈ ಮೂರು ಕಾರಣಗಳನ್ನು ಬಿಡಿಸಿ ಹೇಳಿದ ಉದ್ದೇಶವಿಷ್ಟೇ: ಸೋತವನು "ನಾನು ಅಯೋಗ್ಯನು" ಎಂದುಕೊಳ್ಳುವುದು ಮೂರರಲ್ಲಿ ಯಾವುದಕ್ಕೂ ಔಷಧಿಯಲ್ಲ. ಸೋಲಿನ ಜೊತೆಯಲ್ಲಿ ಅಭ್ಯರ್ಥಿಗೆ ಒಂದು ಪತ್ರ ಬರುವುದು. ಯಾವ ವಿಷಯದಲ್ಲಿ ಅವನು ಸಾಕಷ್ಟು ಬಲವಾಗಿದ್ದನು, ಯಾವುದರಲ್ಲಿ ದುರ್ಬಲನಾಗಿದ್ದನು ಎಂಬುದನ್ನು ಅದರಲ್ಲಿ ವಿಭಾಗವಾರು ತೋರಿಸಿರುವರು. ಅನೇಕರು ಅದನ್ನು ನೋಡಲಾರದೆ ಮುಚ್ಚಿಡುವರು. ವೈದ್ಯನು ನಾಡಿ ಹಿಡಿದು ಹೇಳಿದ ಮಾತನ್ನು ಕೇಳದೆ, ರೋಗ ಬಂದಿತೆಂದು ನಾಚುತ್ತ ಕುಳಿತ ಹಾಗೆ ಇದು. ಗೆದ್ದವನಿಗೆ ಸಿಗುವುದು ಗೆದ್ದೆಯೆಂಬ ಒಂದೇ ಮಾತು; ಎಲ್ಲಿ ತಿದ್ದಿಕೊಳ್ಳಬೇಕೆಂಬ ಸೂಚನೆ ಸಿಗುವುದು ಸೋತವನಿಗೆ. ಮುಂದೆ ಆರು ನೂರು ಮಂದಿ ಕುಳಿತುಕೊಳ್ಳುವ ಮಂದಿರವನ್ನು ಕಟ್ಟಲಿರುವವನಿಗೆ, ತನ್ನ ಅಜ್ಞಾನವು ಕಟ್ಟಡದಲ್ಲಿ ಬಯಲಾಗುವ ಮೊದಲು ಕಾಗದದ ಮೇಲೆ ಬಯಲಾಯಿತೆಂಬುದಕ್ಕಿಂತ ದೊಡ್ಡ ಭಾಗ್ಯ ಯಾವುದು?

ಇಲ್ಲಿ ಇನ್ನೊಂದು ವಿಶೇಷವನ್ನು ಗಮನಿಸಬೇಕು. ಈ ಪರೀಕ್ಷೆಯಲ್ಲಿ ಮೊದಲನೆಯವನು, ಎರಡನೆಯವನು ಎಂಬ ಶ್ರೇಣಿಯಿಲ್ಲ. ಇಷ್ಟೇ ಮಂದಿಗೆ ಪರವಾನಗಿಯೆಂಬ ಮಿತಿಯೂ ಇಲ್ಲ. ಗೊತ್ತಾದ ಮಟ್ಟವನ್ನು ಮುಟ್ಟಿದವರೆಲ್ಲರೂ ಒಳಗೆ. ಪಕ್ಕದವನು ಗೆದ್ದುದರಿಂದ ನಾನು ಸೋಲುವುದಿಲ್ಲ. ನಾನು ಗೆದ್ದುದರಿಂದ ಅವನ ಸ್ಥಾನ ಹೋಗುವುದಿಲ್ಲ. ಆದುದರಿಂದಲೇ ಅಲ್ಲಿ ನಾಲ್ಕಾರು ಮಂದಿ ಕೂಡಿ ಓದುವ ಪದ್ಧತಿ ಬಳಕೆಯಲ್ಲಿದೆ. ನಮ್ಮಲ್ಲಿ ಸ್ಥಾನಗಳ ಪೈಪೋಟಿಯ ಪರೀಕ್ಷೆಗಳನ್ನೇ ಕಂಡು ಬೆಳೆದವರು ಈ ಭೇದವನ್ನು ಅರಿಯದೆ, ಒಬ್ಬರೇ ಬಾಗಿಲು ಹಾಕಿಕೊಂಡು ಓದಿ, ಸೋತರೆ ಯಾರಿಗೂ ಹೇಳದೆ ಮತ್ತೆ ಒಬ್ಬರೇ ಓದುವರು. ಇದರಿಂದ ಮೊದಲಿನ ತಪ್ಪು ತಿಳುವಳಿಕೆಯೇ ಇನ್ನಷ್ಟು ಗಟ್ಟಿಯಾಗುವುದು.

ಸ್ಥಾನಗಳಿಗಾಗಿ ನಡೆಯುವ ಪರೀಕ್ಷೆಯಲ್ಲಿಯೂ ಮರುಪ್ರಯತ್ನವು ಏನನ್ನು ಸಾಧಿಸಬಲ್ಲುದೆಂಬುದಕ್ಕೆ ಜೂಲಿಯಾ ಮಾರ್ಗನ್ ಎಂಬ ಮಹಿಳೆಯ ಚರಿತ್ರೆ ಉಜ್ವಲವಾದ ಸಾಕ್ಷಿ. ಆಕೆ ಕ್ಯಾಲಿಫೋರ್ನಿಯಾ ಸಂಸ್ಥಾನದವಳು, ಜನನ ೧೮೭೨ರಲ್ಲಿ. ೧೮೯೪ರಲ್ಲಿ ಅಲ್ಲಿನ ವಿಶ್ವವಿದ್ಯಾನಿಲಯದಿಂದ ಎಂಜಿನಿಯರಿಂಗ್ ಪದವಿಯನ್ನು ಪಡೆದು, ಪ್ಯಾರಿಸ್ ನಗರದ ಪ್ರಸಿದ್ಧ ಕಲಾಶಾಲೆಯಾದ ಎಕೋಲ್ ದೆ ಬೋಜಾರ್‌ನಲ್ಲಿ ವಾಸ್ತುಶಿಲ್ಪವನ್ನು ಕಲಿಯಬೇಕೆಂದು ಹೊರಟಳು. ಆ ಶಾಲೆಯ ವಾಸ್ತುಶಿಲ್ಪ ವಿಭಾಗದಲ್ಲಿ ಅದುವರೆಗೆ ಹೆಣ್ಣುಮಗಳೊಬ್ಬಳೂ ಸೇರಿರಲಿಲ್ಲ. ಪ್ರವೇಶ ಪರೀಕ್ಷೆಯಲ್ಲಿ ಮೊದಲ ೩೦ ಮಂದಿಗೆ ಮಾತ್ರ ಸ್ಥಾನ. ಮೊದಲ ಪ್ರಯತ್ನದಲ್ಲಿ ಆಕೆಗೆ ೪೨ನೆಯ ಸ್ಥಾನ ಬಂದಿತು. ಎರಡನೆಯ ಪ್ರಯತ್ನದಲ್ಲಿ, ಹೆಂಗಸರಿಗೆ ಉತ್ತೇಜನ ಕೊಡಬಾರದೆಂದು ಪರೀಕ್ಷಕರು ಬೇಕೆಂದೇ ಅಂಕಗಳನ್ನು ತಗ್ಗಿಸಿದರೆಂದು ಆಕೆಯ ಚರಿತ್ರಕಾರರು ಬರೆದಿರುವರು. ೧೮೯೮ರಲ್ಲಿ ಮೂರನೆಯ ಸಲ ಕುಳಿತಳು. ೧೩ನೆಯ ಸ್ಥಾನ ದೊರೆಯಿತು. ಇನ್ನು ಅಂಕ ತಗ್ಗಿಸಿ ಹೊರಗಿಡುವುದು ಯಾರಿಂದಲೂ ಆಗದಂತಾಯಿತು.

ಆಕೆಯ ಮೊದಲ ಸೋಲಿಗೂ ಎರಡನೆಯ ಸೋಲಿಗೂ ಇರುವ ಭೇದವನ್ನು ನೋಡಿರಿ. ಮೊದಲನೆಯದರಲ್ಲಿ ಸಿದ್ಧತೆ ಇನ್ನೂ ಬೇಕಾಗಿದ್ದಿತು. ಎರಡನೆಯದು ಅನ್ಯಾಯ. ಅನ್ಯಾಯವನ್ನು ಅನ್ಯಾಯವೆಂದೇ ಹೇಳಬೇಕು. ಅದನ್ನು ವಿಧಿಯೆಂದು ಒಪ್ಪಬೇಕಾಗಿಲ್ಲ. ಆದರೆ ಎರಡು ಸಂದರ್ಭಗಳಲ್ಲಿಯೂ ಆಕೆ ಮಾಡಿದ ಕೆಲಸ ಒಂದೇ: ಮತ್ತೆ ಓದಲು ಕುಳಿತಳು. ೧೯೦೨ರಲ್ಲಿ ಆ ಶಾಲೆಯ ಪ್ರಮಾಣಪತ್ರವನ್ನು ಪಡೆದ ಮೊದಲ ವಾಸ್ತುಶಿಲ್ಪಿ ಮಹಿಳೆಯಾದಳು. ೧೯೦೪ರಲ್ಲಿ ಕ್ಯಾಲಿಫೋರ್ನಿಯಾ ಸಂಸ್ಥಾನದಲ್ಲಿ ವಾಸ್ತುಶಿಲ್ಪಿಯ ಪರವಾನಗಿಯನ್ನು ಪಡೆದ ಮೊದಲ ಮಹಿಳೆಯೂ ಆಕೆಯೇ. ಅದೇ ವರ್ಷ ಓಕ್‌ಲೆಂಡ್ ನಗರದ ಅಂದಿನ ಮಿಲ್ಸ್ ಕಾಲೇಜಿನಲ್ಲಿ ಕಬ್ಬಿಣದ ಸರಳುಗಳನ್ನು ಹೊಂದಿದ ಕಾಂಕ್ರೀಟಿನಿಂದ ಒಂದು ಗಂಟೆಗೋಪುರವನ್ನು ಆಕೆ ಕಟ್ಟಿಸಿದಳು. ೧೯೦೬ನೆಯ ಇಸವಿ ಏಪ್ರಿಲ್ ೧೮ರಂದು ಸ್ಯಾನ್ ಫ್ರಾನ್ಸಿಸ್ಕೋ ಸೀಮೆಯನ್ನು ನಡುಗಿಸಿದ ಭೂಕಂಪದಲ್ಲಿ ಆ ಗೋಪುರವು ಕೆಡದೆ ನಿಂತಿತು. ನಲವತ್ತೆರಡನೆಯ ಸ್ಥಾನವನ್ನು ಕಂಡು ಆಕೆ ಊರಿಗೆ ಮರಳಿದ್ದರೆ ಆ ಗೋಪುರ ಇರುತ್ತಿರಲಿಲ್ಲ. ಆಕೆ ೧೯೫೭ರಲ್ಲಿ ತೀರಿಕೊಂಡಳು. ೨೦೧೪ರಲ್ಲಿ ಅಮೆರಿಕೆಯ ವಾಸ್ತುಶಿಲ್ಪಿಗಳ ಸಂಸ್ಥೆಯು ತನ್ನ ಚಿನ್ನದ ಪದಕವನ್ನು ಆಕೆಯ ಹೆಸರಿಗೆ ಅರ್ಪಿಸಿತು. ಆ ಪದಕವನ್ನು ಪಡೆದ ಮೊದಲ ಮಹಿಳೆಯೂ ಆಕೆಯೇ.

ಪರೀಕ್ಷೆಗಳನ್ನು ನಡೆಸುವವರೂ ತಮ್ಮ ನಿಯಮಗಳನ್ನು ಪರೀಕ್ಷಿಸಿಕೊಳ್ಳಬೇಕೆಂಬುದಕ್ಕೂ ಇತ್ತೀಚಿನ ನಿದರ್ಶನವೊಂದಿದೆ. ಒಂದು ಭಾಗದಲ್ಲಿ ತೇರ್ಗಡೆಯಾದ ಬಳಿಕ ಐದು ವರ್ಷಗಳೊಳಗೆ ಉಳಿದುವನ್ನು ಮುಗಿಸದಿದ್ದರೆ ಆ ತೇರ್ಗಡೆಯು ರದ್ದಾಗುವ ನಿಯಮ ಅಲ್ಲಿ ಬಹುಕಾಲ ಇದ್ದಿತು. ನಡುವೆ ಹೆರಿಗೆಯಾದವಳು, ರೋಗಿಯಾದ ತಂದೆಯನ್ನು ನೋಡಿಕೊಂಡವನು, ಕೆಲಸ ಕಳೆದುಕೊಂಡವನು, ಇವರಿಗೆ ಕಾಲವೇ ಶತ್ರುವಾಗುತ್ತಿದ್ದಿತು. ೨೦೨೩ನೆಯ ಇಸವಿ ಏಪ್ರಿಲ್ ೩೦ಕ್ಕೆ ಪರಿಷತ್ತು ಆ ನಿಯಮವನ್ನು ಕೊನೆಗಾಣಿಸಿತು. ಈಗ ತೇರ್ಗಡೆಯಾದ ಭಾಗವು, ಯಾವ ಆವೃತ್ತಿಯಲ್ಲಿ ಅದನ್ನು ಕೊಟ್ಟರೋ ಆ ಆವೃತ್ತಿ ಇರುವವರೆಗೂ, ಅದರ ಮುಂದಿನ ಆವೃತ್ತಿ ನಡೆಯುವವರೆಗೂ ಸಿಂಧುವಾಗಿರುವುದು. ವಿದ್ಯೆಯ ಮಟ್ಟ ತಗ್ಗಲಿಲ್ಲ. ತಡವಾಗಿ ಬಂದವನನ್ನು ಹೊರಗೆ ನೂಕುವ ಒಂದು ಒಳಮುಖದ ಬಾಗಿಲು ಮಾತ್ರ ಹೊರಮುಖವಾಯಿತು.

ಈಗ ಮರಳಿ ಕುಳಿತುಕೊಳ್ಳುವವರಿಗೆ ಉಪಯೋಗವಾಗುವ ನಾಲ್ಕು ಮಾತುಗಳು.

ಮೊದಲನೆಯದಾಗಿ, ಸೋತ ಭಾಗಕ್ಕೆ ಮತ್ತೆ ಕುಳಿತುಕೊಳ್ಳಲು ೬೦ ದಿನ ಕಾಯಬೇಕು. ಒಂದು ವರ್ಷದ ಅವಧಿಯೊಳಗೆ ಒಂದೇ ಭಾಗಕ್ಕೆ ಮೂರು ಸಲಕ್ಕಿಂತ ಹೆಚ್ಚು ಕುಳಿತುಕೊಳ್ಳುವಂತಿಲ್ಲ. ಈ ಅರುವತ್ತು ದಿನಗಳನ್ನು ದಂಡನೆಯೆಂದು ಎಣಿಸದೆ ಕೃಷಿಯ ಕಾಲವೆಂದು ಎಣಿಸಬೇಕು. ಮೊದಲ ವಾರ ಪುಸ್ತಕವನ್ನು ಮುಟ್ಟದೆ, ಪರೀಕ್ಷೆಯ ಫಲಪತ್ರವನ್ನೇ ಓದಿರಿ. ದುರ್ಬಲವೆಂದು ತೋರಿಸಿದ ವಿಭಾಗಗಳ ಪಟ್ಟಿಯನ್ನು ನಿಮ್ಮ ಕೈಯಿಂದಲೇ ಬರೆಯಿರಿ. ಅದೇ ಮುಂದಿನ ಎಂಟು ವಾರಗಳ ಪಾಠಕ್ರಮ.

ಎರಡನೆಯದಾಗಿ, ಸೋತವನು ಸಾಮಾನ್ಯವಾಗಿ ಹೊಸ ಪುಸ್ತಕವನ್ನು ಕೊಳ್ಳುವನು. ಹತ್ತು ಪುಸ್ತಕಗಳನ್ನು ಒಂದೊಂದು ಸಲ ಓದುವುದಕ್ಕಿಂತ, ಮೂಲವಾದ ಒಂದನ್ನು ಮೂರು ಸಲ ಓದುವುದು ಲೇಸು. ಯಜಮಾನನಿಗೂ ವಾಸ್ತುಶಿಲ್ಪಿಗೂ ಆಗುವ ಕರಾರು, ಯಜಮಾನನಿಗೂ ಗುತ್ತಿಗೆದಾರನಿಗೂ ಆಗುವ ಕರಾರು, ಇವೆರಡಕ್ಕೂ ಸಂಬಂಧಪಟ್ಟ ಸಾಮಾನ್ಯ ನಿಬಂಧನೆಗಳು, ಈ ಮೂರನ್ನು ಕಥೆಯಂತೆ ಓದಿ, ಯಾರು ಯಾರಿಗೆ ಏನನ್ನು ಕೊಡಬೇಕು, ತಪ್ಪಿದರೆ ಯಾರು ಹೊಣೆ ಎಂಬುದನ್ನು ಒಂದು ಹಾಳೆಯ ಮೇಲೆ ಬರೆದುಕೊಂಡವನಿಗೆ ಅರ್ಧ ಪರೀಕ್ಷೆಯ ಭಯ ಹೋಗುವುದು. ಒಂದು ನಿಯಮವನ್ನು ಓದಿದಾಗಲೆಲ್ಲ "ಇದು ಯಾರನ್ನು ಕಾಪಾಡುವುದು?" ಎಂದು ಕೇಳಿಕೊಳ್ಳಿರಿ. ಉತ್ತರ ತಿಳಿದ ನಿಯಮ ಮರೆಯುವುದಿಲ್ಲ.

ಮೂರನೆಯದಾಗಿ, ಗಡಿಯಾರವನ್ನು ಎದುರಿಗಿಟ್ಟುಕೊಂಡು ಅಭ್ಯಾಸ ಮಾಡಿರಿ. ಪರಿಷತ್ತೇ ಆರೂ ಭಾಗಗಳಿಗೆ ಮಾದರಿ ಪರೀಕ್ಷೆಗಳನ್ನು ಉಚಿತವಾಗಿ ಒದಗಿಸಿದೆ. ಅದನ್ನು ಪೂರ್ತಿ ಅವಧಿ ಒಂದೇ ಕುಳಿತದಲ್ಲಿ ಬರೆದು, ತಪ್ಪಾದ ಉತ್ತರದಷ್ಟೇ ಗಮನದಿಂದ ಅದೃಷ್ಟದಿಂದ ಸರಿಯಾದ ಉತ್ತರವನ್ನೂ ನೋಡಿರಿ. ಬರೆಯದೆ ಬಿಟ್ಟ ಪ್ರಶ್ನೆಯನ್ನು ತಪ್ಪೆಂದೇ ಎಣಿಸುವುದರಿಂದ, ಸಂಶಯವಿದ್ದರೂ ಒಂದು ಉತ್ತರವನ್ನು ಗುರುತುಮಾಡಿ ಮುಂದೆ ಸಾಗುವ ಧೈರ್ಯವನ್ನು ರೂಢಿಸಿಕೊಳ್ಳಬೇಕು. ಕೊನೆಯ ದೀರ್ಘ ಪ್ರಶ್ನೆಗಳಿಗೆ ಬೇಕಾದ ಕಾಲವನ್ನು ಮೊದಲೇ ತೆಗೆದಿಟ್ಟಿರಬೇಕು. ಬಿತ್ತನೆಯ ಬೀಜವನ್ನು ಉಣ್ಣದೆ ತೆಗೆದಿಡುವ ರೈತನ ಹಾಗೆ.

ನಾಲ್ಕನೆಯದಾಗಿ, ಒಬ್ಬರಿಗೊಬ್ಬರು ಪಾಠ ಹೇಳಿರಿ. ತಿಳಿಯಿತೆಂದು ನಾವು ನಂಬಿದ ವಿಷಯವನ್ನು ಇನ್ನೊಬ್ಬರಿಗೆ ಹೇಳತೊಡಗಿದಾಗಲೇ ಅದರ ಬಿರುಕುಗಳು ಕಾಣುವುವು. ಸೋತ ಸಂಗತಿಯನ್ನು ಮನೆಯವರಿಂದ ಮುಚ್ಚಿಡಬೇಡಿರಿ. ಗುಟ್ಟನ್ನು ಕಾಯುವುದಕ್ಕೆ ವೆಚ್ಚವಾಗುವ ಶಕ್ತಿಯಿಂದ ಒಂದು ಅಧ್ಯಾಯವನ್ನು ಓದಬಹುದು.

ಕಡೆಯದಾಗಿ ಹಿರಿಯರಲ್ಲಿ ನನ್ನ ಬಿನ್ನಹ. ಮಗನೋ ಮಗಳೋ ಸಮುದ್ರದಾಚೆಯಿಂದ ಸೋಲಿನ ಸುದ್ದಿಯನ್ನು ಹೇಳಿದಾಗ, "ಇಂಥವರ ಮಗನು ಒಂದೇ ಸಲಕ್ಕೆ ಮುಗಿಸಿದನಂತೆ" ಎಂಬ ಮಾತು ನಮ್ಮ ಬಾಯಿಯಿಂದ ಬರುವುದುಂಟು. ಆ ಮಾತಿನಿಂದ ಯಾವ ಗೋಡೆಯೂ ನೆಟ್ಟಗಾಗುವುದಿಲ್ಲ. ಅದರ ಬದಲಾಗಿ "ಯಾವ ಭಾಗದಲ್ಲಿ ಕಡಿಮೆಯಾಯಿತಪ್ಪಾ? ಮುಂದೆ ಯಾವಾಗ ಕುಳಿತುಕೊಳ್ಳುವೆ?" ಎಂದು ಕೇಳಿರಿ. ಮೊದಲ ಪ್ರಶ್ನೆಯಿಂದ ಅವನ ಸೋಲು ವಿಚಾರಕ್ಕೆ ವಸ್ತುವಾಗುವುದು; ಎರಡನೆಯದರಿಂದ ಅವನ ಮೇಲೆ ನಮಗಿರುವ ನಂಬಿಕೆ ತಿಳಿಯುವುದು. ಅಲ್ಲಿನ ವಾಸ್ತುಶಿಲ್ಪಿಯ ಕರಾರುಪತ್ರವೂ ಅವನಿಂದ ದೋಷರಹಿತವಾದ ಸರ್ವಜ್ಞತ್ವವನ್ನು ಕೇಳುವುದಿಲ್ಲ. ಅದೇ ಸೀಮೆಯಲ್ಲಿ ಅಂತಹುದೇ ಸಂದರ್ಭದಲ್ಲಿ ಒಬ್ಬ ಸಮರ್ಥ ವೃತ್ತಿಗಾರನು ತೋರುವ ಕುಶಲತೆಯನ್ನೂ ಎಚ್ಚರವನ್ನೂ ಕೇಳುವುದು. ಕಾನೂನೇ ಇಷ್ಟರಲ್ಲಿ ತೃಪ್ತಿಪಡುವಾಗ, ತಂದೆತಾಯಿಗಳು ಮಕ್ಕಳಿಂದ ಎಂದೂ ಎಡವದ ನಡಿಗೆಯನ್ನು ಕೇಳುವುದು ನ್ಯಾಯವೇ?

ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಎಲ್ಲರೂ ವಾಸ್ತುಶಿಲ್ಪಿಗಳಾಗುವುದಿಲ್ಲ. ಎಲ್ಲರೂ ಪರದೇಶಕ್ಕೆ ಹೋಗುವುದೂ ಇಲ್ಲ. ಆದರೆ ವೈದ್ಯನಾಗಲಿ, ವಕೀಲನಾಗಲಿ, ಉಪಾಧ್ಯಾಯನಾಗಲಿ, ನಿಮ್ಮ ಕಾಯಕದ ಮೇಲೆ ನಂಬಿಕೆಯಿಟ್ಟು ಕುಳಿತುಕೊಳ್ಳುವ ಅಪರಿಚಿತರು ಇದ್ದೇ ಇರುವರು. ಅವರ ಪರವಾಗಿ ನಿಮ್ಮನ್ನು ಕೇಳಿದ ಪ್ರಶ್ನೆಗೆ ಇಂದು ಉತ್ತರ ಬಾರದಿದ್ದರೆ, ನಾಳೆ ಕಲಿತು ಬಂದು ಹೇಳಿರಿ. ತಡವಾಗಿ ಬಂದ ಸರಿಯಾದ ಉತ್ತರದಿಂದ ಆ ಅಪರಿಚಿತನಿಗೆ ಯಾವ ಕೇಡೂ ಇಲ್ಲ.